ತರಗತಿಯಲ್ಲಿ ಆಡಾಸಿಟಿ: ಪ್ರೌಢಶಾಲೆಯ ಕನ್ನಡ ಪಾಠಕ್ಕೆ ಈ ತಂತ್ರಾಂಶ ಎಷ್ಟು ಒದಗುತ್ತದೆ?

ಭಾಷಾ ಬೋಧನೆಯ ಚರ್ಚೆ ನಡೆದಲ್ಲೆಲ್ಲ ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಕೌಶಲಗಳ ಹೆಸರು ತಪ್ಪದೆ ಕೇಳಿಬರುತ್ತದೆ. ಆದರೆ ಮಕ್ಕಳು ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಮೊದಲಿನ ಎರಡು ಕೌಶಲಗಳು ಬಹುಮಟ್ಟಿಗೆ ಪಾಠಯೋಜನೆಯ ಪುಟದಲ್ಲಷ್ಟೇ ಉಳಿದಿರುತ್ತವೆ. ಪರೀಕ್ಷೆ ನಡೆಯುವುದು ಬರವಣಿಗೆಯಲ್ಲಾದ್ದರಿಂದ ತರಗತಿಯ ಹೊತ್ತೂ ಬರವಣಿಗೆಗೇ ಸಲ್ಲುತ್ತದೆ. ಗಟ್ಟಿಯಾಗಿ ಓದುವ ಸರದಿ ನಲವತ್ತು ಮಕ್ಕಳಲ್ಲಿ ನಾಲ್ಕೈದು ಮಂದಿಗೆ ಬಂದರೆ ಹೆಚ್ಚು, ಹಾಗೆ ಓದಿದ ದನಿಯೂ ಆ ಕ್ಷಣದಲ್ಲೇ ಕರಗಿಹೋಗುವುದರಿಂದ ಅದನ್ನು ಮತ್ತೊಮ್ಮೆ ಕೇಳಿ ತಿದ್ದಿಕೊಳ್ಳುವ ಅವಕಾಶ ಓದಿದ ಮಗುವಿಗೂ ಇರುವುದಿಲ್ಲ, ಕಲಿಸುವ ನಮಗೂ ಇರುವುದಿಲ್ಲ. ಈ ಕೊರತೆಯನ್ನು ತುಂಬಿಕೊಳ್ಳಲು ನಾನು ಕೆಲವು ವರ್ಷಗಳಿಂದ ಕನ್ನಡ ತರಗತಿಯಲ್ಲಿ ಧ್ವನಿಮುದ್ರಣವನ್ನೂ ಶಾಲೆಯ ಮಟ್ಟಿಗಿನ ಪುಟ್ಟ ಪಾಡ್‌ಕಾಸ್ಟನ್ನೂ ಬಳಸುತ್ತಿದ್ದೇನೆ. ಆ ಕೆಲಸಕ್ಕೆ ಆಧಾರವಾಗಿರುವ ಆಡಾಸಿಟಿ ಎಂಬ ತಂತ್ರಾಂಶವನ್ನು ತರಗತಿಯ ಅಗತ್ಯಗಳ ಕಡೆಯಿಂದ ಪರಿಶೀಲಿಸುವುದು ಈ ಬರಹದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಧ್ವನಿಯನ್ನು ಮುದ್ರಿಸಿಕೊಳ್ಳಲು ಯಾವ ಮೊಬೈಲ್ ಆದರೂ ಸಾಕು, ಆದರೆ ಮುದ್ರಿಸಿದ್ದನ್ನು ಕತ್ತರಿಸಿ, ಜೋಡಿಸಿ, ತಿದ್ದುವ ಹಂತದಲ್ಲೇ ಮಕ್ಕಳು ನಿಜವಾಗಿ ಆಲಿಸಲು ಕಲಿಯುವುದರಿಂದ ತಿದ್ದುವ ಸಾಧನ ಯಾವುದೆಂಬುದು ಮುಖ್ಯವಾಗುತ್ತದೆ, ಮತ್ತು ಆ ದೃಷ್ಟಿಯಿಂದ ಆಡಾಸಿಟಿ ನಮ್ಮ ಶಾಲೆಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಆಡಾಸಿಟಿಯ ಕೆಲಸ ಆರಂಭವಾದದ್ದು 1999ರಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ. ಡಾಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಅದನ್ನು ರೂಪಿಸಿದರು, 2000ದ ಮೇ ತಿಂಗಳಲ್ಲಿ ಅದು ಸಾರ್ವಜನಿಕರಿಗೆ ಲಭ್ಯವಾಯಿತು. ಅದು ಮುಕ್ತ ತಂತ್ರಾಂಶ. ಹಣ ಕೊಡಬೇಕಿಲ್ಲ, ಎಷ್ಟು ಕಂಪ್ಯೂಟರುಗಳಲ್ಲಿ ಬೇಕಾದರೂ ಹಾಕಿಕೊಳ್ಳಬಹುದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಈ ಕೊನೆಯ ಅಂಶ ಕರ್ನಾಟಕದ ಶಾಲೆಗಳಿಗೆ ಮುಖ್ಯವಾದದ್ದು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆಯೂ ಶಿಕ್ಷಕರಿಗೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಮತ್ತು ಮುಕ್ತ ತಂತ್ರಾಂಶಗಳ ಪರಿಚಯ ಮಾಡಿಸಿದ್ದರಿಂದ, ಆಡಾಸಿಟಿಯ ಹೆಸರು ನಮ್ಮ ಅನೇಕ ಶಿಕ್ಷಕರಿಗೆ ಹೊಸದಲ್ಲ. ತರಬೇತಿಯಲ್ಲಿ ಒಮ್ಮೆ ತೆರೆದು ನೋಡಿದ್ದನ್ನು ತರಗತಿಗೆ ತಂದವರು ಮಾತ್ರ ನಾನು ಕಂಡಂತೆ ಕಡಿಮೆ.

2021ರ ಏಪ್ರಿಲ್‌ನಲ್ಲಿ ಮ್ಯೂಸ್ ಗ್ರೂಪ್ ಎಂಬ ಕಂಪನಿ ಆಡಾಸಿಟಿಯನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. ಅದೇ ವರ್ಷದ ಜುಲೈನಲ್ಲಿ ಪ್ರಕಟವಾದ ಖಾಸಗಿತನದ ನೀತಿ ಬಹಳ ವಿರೋಧಕ್ಕೆ ಗುರಿಯಾಯಿತು. 13 ವರ್ಷದೊಳಗಿನವರು ತಂತ್ರಾಂಶವನ್ನು ಬಳಸಬಾರದೆಂಬ ಮಾತು ಅದರಲ್ಲಿದ್ದದ್ದು ಶಾಲೆಗಳ ಮಟ್ಟಿಗೆ ಗಂಭೀರವಾದ ವಿಷಯವೇ ಆಗಿತ್ತು. ಟೀಕೆಯ ಬಳಿಕ ನೀತಿಯನ್ನು ತಿದ್ದಿ, ಆ ಷರತ್ತನ್ನು ತೆಗೆಯಲಾಯಿತು. ಇಂದು ತಂತ್ರಾಂಶವನ್ನು ಅಂತರ್ಜಾಲವಿಲ್ಲದೆ ಪೂರ್ತಿಯಾಗಿ ಬಳಸಬಹುದು, ಹೊಸ ಆವೃತ್ತಿಗಾಗಿ ಅದು ತಾನಾಗಿ ಹುಡುಕುವುದನ್ನು ಆಯ್ಕೆಗಳ ಪುಟದಲ್ಲಿ ನಿಲ್ಲಿಸಲೂಬಹುದು. 2024ರಲ್ಲಿ ಬಂದ 3.5ನೆಯ ಆವೃತ್ತಿಯಿಂದ ಕೆಲಸವನ್ನು ಕಂಪನಿಯ ಕ್ಲೌಡ್‌ನಲ್ಲಿ ಉಳಿಸುವ ಸೌಲಭ್ಯವೂ ಸೇರಿದೆ. ಮಕ್ಕಳ ದನಿಯನ್ನು ಅಲ್ಲಿ ಇಡುವ ಅಗತ್ಯ ಶಾಲೆಗಿಲ್ಲ. ಉಳಿಸುವಾಗ ಬರುವ ಪ್ರಶ್ನೆಗೆ ಕಂಪ್ಯೂಟರಿನಲ್ಲೇ ಉಳಿಸು ಎಂಬ ಉತ್ತರವನ್ನು ಆರಿಸಿಕೊಳ್ಳುವಂತೆ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುವುದು ಒಳ್ಳೆಯದು.

ತಂತ್ರಾಂಶದ ಗುಣಕ್ಕಿಂತ ಮೊದಲು ಮಾತನಾಡಬೇಕಾದದ್ದು ಕೋಣೆಯ ಗುಣವನ್ನು. ಸಿಮೆಂಟಿನ ಗೋಡೆ, ಬರಿ ನೆಲ, ಎತ್ತರದ ಚಾವಣಿ ಇರುವ ನಮ್ಮ ತರಗತಿಗಳಲ್ಲಿ ದನಿ ಗೋಡೆಯಿಂದ ಗೋಡೆಗೆ ಬಡಿದು ಮರಳಿ ಮೈಕಿಗೆ ಬೀಳುತ್ತದೆ. ಹೀಗೆ ಮಾತಿನೊಳಗೆ ಸೇರಿಹೋದ ಪ್ರತಿಧ್ವನಿಯನ್ನು ಆಡಾಸಿಟಿ ತೃಪ್ತಿಕರವಾಗಿ ತೆಗೆಯಲಾರದು. ಆದ್ದರಿಂದ ಮುದ್ರಣಕ್ಕೆ ಗ್ರಂಥಾಲಯದ ಕಪಾಟುಗಳ ನಡುವಿನ ಜಾಗವನ್ನೋ ಬಿಸಿಯೂಟದ ಅಕ್ಕಿ ಮೂಟೆಗಳನ್ನು ಪೇರಿಸಿಟ್ಟ ಉಗ್ರಾಣವನ್ನೋ ಆರಿಸಿಕೊಂಡರೆ, ಪುಸ್ತಕಗಳೂ ಗೋಣಿಚೀಲಗಳೂ ಪ್ರತಿಧ್ವನಿಯನ್ನು ಹೀರಿಕೊಂಡು ದನಿಯನ್ನು ಸ್ವಚ್ಛವಾಗಿ ಉಳಿಸುತ್ತವೆ. ಫ್ಯಾನು ನಿಲ್ಲಿಸಬೇಕು. ಮೈಕು ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಓರೆಯಾಗಿ ಇರಬೇಕು. ಹಾಗಿಲ್ಲದಿದ್ದರೆ ಪ, ಫ, ಭ ಅಕ್ಷರಗಳ ಉಸಿರು ಮೈಕಿನ ಮೇಲೆ ರಪ್ಪೆಂದು ಬೀಳುತ್ತದೆ. ಮುದ್ರಣದ ಮಟ್ಟವನ್ನು ತೋರಿಸುವ ಪಟ್ಟಿ ಮಗು ಜೋರಾಗಿ ಓದುವಾಗಲೂ ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಂಡರೆ ಸಾಕು, ಅದು ಸೊನ್ನೆಯನ್ನು ಮುಟ್ಟಿ ದನಿ ಒಡೆದುಹೋದರೆ ಮತ್ತೆ ಸರಿಪಡಿಸುವ ದಾರಿಯಿಲ್ಲ. ಇಷ್ಟು ಶಿಸ್ತಿದ್ದರೆ ಅಂಗಿಗೆ ಸಿಕ್ಕಿಸುವ ಸಾಧಾರಣ ಮೈಕು ಅಥವಾ ಮೊಬೈಲಿನದೇ ಮೈಕು ಧಾರಾಳವಾಗಿ ಸಾಕಾಗುತ್ತದೆ. ದುಬಾರಿ ಮೈಕಿಗೆ ಖರ್ಚು ಮಾಡುವ ಬದಲು ಕಿವಿಯನ್ನು ಪೂರ್ತಿ ಮುಚ್ಚುವ ಎರಡು ಹೆಡ್‌ಫೋನ್‌ಗಳನ್ನು ಕೊಳ್ಳಿರೆಂದು ನಾನು ಸಲಹೆ ಕೊಡುತ್ತೇನೆ.

ಆಡಾಸಿಟಿಯನ್ನು ತೆರೆದಾಗ ಕಾಣುವ ಪರದೆ ಅಂದವಾಗಿಲ್ಲವೆಂಬ ಆಕ್ಷೇಪ ಹಳೆಯದು, ಅದರಲ್ಲಿ ಸತ್ಯವೂ ಇದೆ. ಆದರೆ ಮಗುವಿಗೆ ಮೊದಲು ಬೇಕಾಗುವ ಕ್ರಿಯೆಗಳು ಕೆಲವೇ ಕೆಲವು. ಆರ್ ಕೀಲಿ ಒತ್ತಿದರೆ ಮುದ್ರಣ, ಉದ್ದದ ಸ್ಪೇಸ್ ಕೀಲಿ ಒತ್ತಿದರೆ ಕೇಳುವುದು ಮತ್ತು ನಿಲ್ಲಿಸುವುದು, ಮೌಸಿನಿಂದ ಎಳೆದು ಗುರುತಿಸಿದ ಭಾಗವನ್ನು ಡಿಲೀಟ್ ಕೀಲಿಯಿಂದ ಅಳಿಸುವುದು, ತಪ್ಪಿದರೆ ಕಂಟ್ರೋಲ್ ಮತ್ತು ಝೆಡ್ ಒತ್ತಿ ಹಿಂದಿರುಗುವುದು. ಒಂದು ಅವಧಿಯಲ್ಲಿ ಇಷ್ಟನ್ನು ಕಲಿಯದ ಮಕ್ಕಳನ್ನು ನಾನು ನೋಡಿಲ್ಲ. ಎಷ್ಟು ಹೆಜ್ಜೆ ಬೇಕಾದರೂ ಹಿಂದಕ್ಕೆ ಹೋಗಬಹುದೆಂಬ ಧೈರ್ಯ ಅಂಜುಬುರುಕ ಮಕ್ಕಳಿಗೆ ದೊಡ್ಡ ಆಸರೆ. ಗೊಂದಲ ಹುಟ್ಟುವುದು ಬೇರೆ ಕಡೆ. ಯೋಜನೆಯನ್ನು ಉಳಿಸುವುದಕ್ಕೂ ಎಲ್ಲರೂ ಕೇಳಬಹುದಾದ ಧ್ವನಿಕಡತವನ್ನು ಹೊರತೆಗೆಯುವುದಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಬೇಗ ತಿಳಿಯುವುದಿಲ್ಲ. ಉಳಿಸಿದ ಯೋಜನೆಯ ಕಡತವನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದು ಮೊಬೈಲಿನಲ್ಲಿ ತೆರೆಯಲು ಹೋದರೆ ಅದು ತೆರೆಯದು. 2021ರಲ್ಲಿ ಬಂದ 3ನೆಯ ಆವೃತ್ತಿಗಿಂತ ಮುಂಚೆ ಇದಕ್ಕಿಂತ ಕಷ್ಟವಿತ್ತು. ಆಗ ಯೋಜನೆಯೆಂದರೆ ಒಂದು ಕಡತ ಮತ್ತು ಅದರ ಜೊತೆಗೊಂದು ಕಡತಕೋಶ, ಎರಡರಲ್ಲಿ ಒಂದು ಜಾಗ ತಪ್ಪಿದರೂ ಮಾಡಿದ ಕೆಲಸ ನಷ್ಟವಾಗುತ್ತಿತ್ತು. ಈಗ ಎಲ್ಲವೂ ಒಂದೇ ಕಡತದೊಳಗೆ ಇರುತ್ತದೆ. ಕೆಲಸದ ನಡುವೆ ವಿದ್ಯುತ್ ಹೋದರೂ ಮುಂದಿನ ಸಲ ತೆರೆದಾಗ ಉಳಿಸದೆ ಬಿಟ್ಟದ್ದನ್ನು ಮರಳಿ ಪಡೆಯುವ ಅವಕಾಶವನ್ನು ತಂತ್ರಾಂಶವೇ ಮುಂದಿಡುತ್ತದೆ. ನಮ್ಮ ಹಳ್ಳಿಗಳ ಶಾಲೆಗಳಿಗೆ ಇದು ಸಣ್ಣ ಉಪಕಾರವಲ್ಲ.

ಕನ್ನಡ ಕಲಿಸುವವರಿಗೆ ಆಡಾಸಿಟಿಯ ನಿಜವಾದ ಬೆಲೆ ತಿಳಿಯುವುದು ಅದು ದನಿಯನ್ನು ಕಣ್ಣಿಗೆ ಕಾಣಿಸುವ ರೀತಿಯಲ್ಲಿ. ಮಾತು ಪರದೆಯ ಮೇಲೆ ಅಲೆಯಾಗಿ ಮೂಡುತ್ತದೆ, ಆ ಅಲೆಯನ್ನು ಹಿಗ್ಗಿಸಿ ನೋಡಿದರೆ ಒಂದೊಂದು ಅಕ್ಷರವೂ ಬೇರೆ ಬೇರೆಯಾಗಿ ತೋರುತ್ತದೆ. ‘ಕತೆ’ ಮತ್ತು ‘ಕತ್ತೆ’ ಎಂಬ ಎರಡು ಪದಗಳನ್ನು ಒಂದು ಮಗುವಿನಿಂದ ಹೇಳಿಸಿ ಒಂದರ ಕೆಳಗೊಂದು ಇಟ್ಟು ನೋಡಿ. ನಾಲಗೆ ಹಲ್ಲಿನ ಹಿಂದೆ ತಡೆದು ನಿಂತ ಹೊತ್ತು ಅಲೆಯಿಲ್ಲದ ಸಪಾಟು ಗೆರೆಯಾಗಿ ಕಾಣುತ್ತದೆ, ‘ಕತ್ತೆ’ಯಲ್ಲಿ ಆ ಗೆರೆ ಎದ್ದು ಕಾಣುವಷ್ಟು ಉದ್ದವಾಗಿರುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬ ಸೂತ್ರವನ್ನು ಮಕ್ಕಳು ಎಂಟನೆಯ ತರಗತಿಯಿಂದ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಅದು ಯಾಕೆ ಗುರುವಾಗುತ್ತದೆ, ಹೆಚ್ಚುವರಿ ಹೊತ್ತು ಎಲ್ಲಿಂದ ಬಂತು ಎಂಬುದಕ್ಕೆ ಆ ಸಪಾಟು ಗೆರೆಯೇ ಉತ್ತರ. ಕಪ್ಪು ಹಲಗೆಯ ಮೇಲೆ ಎಷ್ಟು ವಿವರಿಸಿದರೂ ತಲುಪದ ವಿಷಯ ಇಲ್ಲಿ ಒಂದು ನೋಟಕ್ಕೆ ತಲುಪುತ್ತದೆ.

‘ದನ’ ಮತ್ತು ‘ಧನ’, ‘ಕರ’ ಮತ್ತು ‘ಖರ’ ಮೊದಲಾದ ಜೋಡಿಗಳೂ ಹೀಗೆಯೇ. ‘ಖ’ಕಾರದಲ್ಲಿ ತಡೆ ಬಿಟ್ಟ ಬಳಿಕ ಸ್ವರ ಆರಂಭವಾಗುವ ಮುನ್ನ ಹೊರಬರುವ ಉಸಿರು ಅಲೆಯಲ್ಲಿ ಪುಡಿಪುಡಿಯಾದ ಗೀಚಿನಂತೆ ತೋರುತ್ತದೆ, ‘ಕ’ಕಾರದಲ್ಲಿ ಅದು ಇಲ್ಲವೆನ್ನುವಷ್ಟು ಕಿರಿದು. ಆಡಾಸಿಟಿಯಲ್ಲಿ ಅಲೆಯ ಬದಲಿಗೆ ಸ್ಪೆಕ್ಟ್ರೋಗ್ರಾಮ್ ಎಂಬ ನೋಟವನ್ನು ಆರಿಸಿಕೊಂಡರೆ ದನಿಯ ಕಂಪನಾಂಕಗಳು ಬಣ್ಣಗಳಲ್ಲಿ ಹರಡಿಕೊಳ್ಳುತ್ತವೆ. ಅಲ್ಲಿ ‘ಸ’ಕಾರದ ಬಣ್ಣ ಮೇಲ್ಭಾಗದಲ್ಲಿ ದಟ್ಟವಾಗಿಯೂ ‘ಶ’ಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಆರಂಭವಾಗಿಯೂ ಕಾಣುತ್ತದೆ. ‘ಶಂಕರ’ ಎನ್ನಬೇಕಾದಲ್ಲಿ ‘ಸಂಕರ’ ಎಂದು ಓದುವ ಮಗುವನ್ನು ಎಲ್ಲರೆದುರು ತಿದ್ದಿದರೆ ಅದು ಮುಂದಿನ ಸಲ ಓದಲು ಏಳುವುದೇ ಇಲ್ಲ. ಅದೇ ಮಗು ತನ್ನ ದನಿಯ ಚಿತ್ರವನ್ನು ತಾನೇ ನೋಡಿ, ಗೆಳತಿಯ ಚಿತ್ರದೊಡನೆ ಹೋಲಿಸಿ, ಮತ್ತೊಮ್ಮೆ ಮುದ್ರಿಸುವಾಗ ತಿದ್ದುಪಡಿ ಅದರ ಸ್ವಂತ ಕೆಲಸವಾಗುತ್ತದೆ. ‘ಶ’ ಮತ್ತು ‘ಷ’ಗಳ ವ್ಯತ್ಯಾಸವನ್ನು ಮಾತ್ರ ನಾನು ಈ ರೀತಿ ಹುಡುಕಿಸಲು ಹೋಗುವುದಿಲ್ಲ, ಏಕೆಂದರೆ ದಿನಬಳಕೆಯ ಕನ್ನಡದಲ್ಲಿ ಬಹುಪಾಲು ಜನ ಅವೆರಡನ್ನೂ ಒಂದೇ ಬಗೆಯಲ್ಲಿ ಉಚ್ಚರಿಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಪಠ್ಯದ ಓದಿಗೆ ಬೇಕಾದ ಉಚ್ಚಾರದ ಸ್ಪಷ್ಟತೆ ಬೇರೆ, ಮನೆಯ ಮಾತು ಬೇರೆ. ಧಾರವಾಡದ ಕಡೆಯ ಮಗು ‘ಸಾಲಿ’ ಎನ್ನುವುದು, ಹಳೆಯ ಮೈಸೂರಿನ ಹಳ್ಳಿಯ ಮಗು ‘ಹಗಲು’ ಎಂಬುದರ ‘ಹ’ಕಾರವನ್ನು ಬಿಡುವುದು, ಕುಂದಾಪುರದ ಮಗು ಕ್ರಿಯಾಪದವನ್ನು ಮೊಟಕುಗೊಳಿಸುವುದು ಆ ಪ್ರದೇಶದ ಕನ್ನಡದ ಸಹಜ ಲಕ್ಷಣಗಳೇ ಹೊರತು ದೋಷಗಳಲ್ಲ. ಧ್ವನಿಮುದ್ರಣದ ಸಾಧನ ಕೈಗೆ ಬಂತೆಂದು ಎಲ್ಲ ಮಕ್ಕಳ ನಾಲಗೆಯನ್ನೂ ಒಂದೇ ಅಚ್ಚಿಗೆ ಎರೆಯಲು ಹೊರಟರೆ ನಾವು ಕಲಿಸುವುದಕ್ಕಿಂತ ಹೆಚ್ಚನ್ನು ಕಳೆಯುತ್ತೇವೆ. ಪಠ್ಯದ ಗದ್ಯವನ್ನು ಓದುವಾಗ ಗ್ರಂಥಸ್ಥ ಉಚ್ಚಾರ, ಸಂದರ್ಶನ ಮತ್ತು ಸಂಭಾಷಣೆಗಳಲ್ಲಿ ಮನೆಯ ಮಾತು ಎಂಬ ನಿಯಮವನ್ನು ಮೊದಲೇ ಮಾಡಿಕೊಂಡರೆ ಮಕ್ಕಳಿಗೆ ಎರಡರ ಮೇಲೂ ಹಿಡಿತ ಬರುತ್ತದೆ.

ಛಂದಸ್ಸಿನ ಪಾಠಕ್ಕೆ ಆಡಾಸಿಟಿ ಒದಗುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ಬಳಕೆಯನ್ನು ನಾನು ಬೇರೆಡೆ ಕಂಡಿಲ್ಲ. ಭಾಮಿನೀ ಷಟ್ಪದಿಯ ಆರು ಸಾಲುಗಳಲ್ಲಿ 1, 2, 4 ಮತ್ತು 5ನೆಯ ಸಾಲುಗಳು ಸಮನಾಗಿದ್ದು, 3 ಮತ್ತು 4 ಮಾತ್ರೆಗಳ ಗಣಗಳು ಒಂದಾದ ಮೇಲೊಂದರಂತೆ ಎರಡು ಆವರ್ತ ಬಂದು ಸಾಲಿಗೆ 14 ಮಾತ್ರೆಗಳಾಗುತ್ತವೆ. 3 ಮತ್ತು 6ನೆಯ ಸಾಲುಗಳಲ್ಲಿ ಅದೇ ಗಣಗಳು ಮೂರು ಆವರ್ತ ಬಂದು ಕೊನೆಗೊಂದು ಗುರು ಸೇರಿ 23 ಮಾತ್ರೆಗಳಾಗುತ್ತವೆ. ಮಕ್ಕಳು ಇದನ್ನು ಪ್ರಸ್ತಾರ ಹಾಕುವ ಲೆಕ್ಕವಾಗಿ ಕಲಿಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ, ಆದರೆ ಲಯ ಕಿವಿಗೆ ಬಿದ್ದಿರುವುದಿಲ್ಲ. ಆಡಾಸಿಟಿಯಲ್ಲಿ ಒಂದು ಪದ್ಯವನ್ನು ರಾಗವಿಲ್ಲದೆ, ಸಮವಾದ ನಡೆಯಲ್ಲಿ ಓದಿ ಮುದ್ರಿಸಿದ ಮೇಲೆ ಅದನ್ನು ಕೇಳುತ್ತ ಪ್ರತಿ ಗಣದ ಆರಂಭಕ್ಕೆ ಕಂಟ್ರೋಲ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಜಾಗದಲ್ಲಿ ಒಂದು ಲೇಬಲ್ ಕೂರುತ್ತದೆ. ಅದರಲ್ಲಿ 3 ಅಥವಾ 4 ಎಂದು ಬರೆಯುತ್ತ ಹೋದರೆ ಪದ್ಯದ ಗಣವಿಭಾಗವೆಲ್ಲ ಅಲೆಯ ಕೆಳಗೆ ಸಾಲಾಗಿ ನಿಲ್ಲುತ್ತದೆ. ಲೇಬಲ್‌ಗಳನ್ನು ಪಠ್ಯಕಡತವಾಗಿ ಹೊರತೆಗೆದರೆ ಪ್ರತಿಯೊಂದರ ಸಮಯವೂ ಸೆಕೆಂಡುಗಳಲ್ಲಿ ದೊರೆಯುತ್ತದೆ. ಒಂದರಿಂದ ಇನ್ನೊಂದನ್ನು ಕಳೆದು ಗಣದ ಅವಧಿಯನ್ನು ಕಂಡುಕೊಳ್ಳುವ ಕೆಲಸವನ್ನು ಗಣಿತದಲ್ಲಿ ಆಸಕ್ತಿಯಿರುವ ಮಕ್ಕಳು ಖುಷಿಯಿಂದ ವಹಿಸಿಕೊಳ್ಳುತ್ತಾರೆ. ಗುರು ಎಂದರೆ ಲಘುವಿನ ಸರಿಯಾಗಿ ಎರಡು ಪಟ್ಟು ಎಂಬುದು ಛಂದಸ್ಸಿನ ಒಪ್ಪಂದ, ಬಾಯಿಯ ಓದಿನಲ್ಲಿ ಅಷ್ಟು ಕರಾರುವಾಕ್ಕು ಇರುವುದಿಲ್ಲ. ಆದರೂ ಓದು ಸಮವಾಗಿದ್ದಾಗ 3 ಮಾತ್ರೆಯ ಗಣ ಚಿಕ್ಕದಾಗಿಯೂ 4 ಮಾತ್ರೆಯ ಗಣ ದೊಡ್ಡದಾಗಿಯೂ ಪದ್ಯದುದ್ದಕ್ಕೂ ಬರುವ ಏರಿಳಿತ ಸ್ಪಷ್ಟವಾಗಿ ತೋರುತ್ತದೆ, ಎಲ್ಲಿ ಓದುವವರು ತಡವರಿಸಿದರೋ ಅಲ್ಲಿ ಅದು ಮುರಿಯುತ್ತದೆ. ಗಮಕಿಗಳು ಹಾಡಿದ್ದನ್ನು ಈ ಅಳತೆಗೆ ಒಳಪಡಿಸಬಾರದು. ರಾಗವಿಸ್ತಾರದಲ್ಲಿ ಅಕ್ಷರಗಳ ಅವಧಿ ಭಾವಕ್ಕೆ ತಕ್ಕಂತೆ ಹಿಗ್ಗುವುದು ಆ ಕಲೆಯ ಸೊಗಸು.

ಹಿರಿಯರ ಸಂದರ್ಶನ ಮಕ್ಕಳು ಅತ್ಯಂತ ಉತ್ಸಾಹದಿಂದ ಮಾಡುವ ಕೆಲಸ. ಊರಿನ ಕೆರೆ ತುಂಬಿದ ವರ್ಷ, ಸಂತೆಯ ದಿನದ ವ್ಯಾಪಾರ, ಬೀಸುವ ಪದ, ಸೋಬಾನೆ ಹಾಡು, ಲಾವಣಿ ಇವೆಲ್ಲವನ್ನೂ ಅಜ್ಜ ಅಜ್ಜಿಯರಿಂದ ಮೊಬೈಲಿನಲ್ಲಿ ಮುದ್ರಿಸಿ ತರುತ್ತಾರೆ. ಅರ್ಧ ಗಂಟೆಯ ಮಾತನ್ನು ಐದು ನಿಮಿಷಕ್ಕೆ ಇಳಿಸಲು ಕುಳಿತಾಗ ಯಾವ ಮಾತು ಮುಖ್ಯ, ಯಾವುದು ಪುನರುಕ್ತಿ, ಯಾವ ಮೌನವನ್ನು ಹಾಗೆಯೇ ಬಿಡಬೇಕು ಎಂಬ ತೀರ್ಮಾನಗಳನ್ನು ಅವರೇ ತೆಗೆದುಕೊಳ್ಳಬೇಕಾಗುತ್ತದೆ. ಸಾರಾಂಶ ಬರೆಯಿರಿ ಎಂಬ ಪರೀಕ್ಷೆಯ ಪ್ರಶ್ನೆ ಅಪೇಕ್ಷಿಸುವ ಕೌಶಲವೂ ಇದೇ, ಆದರೆ ಇಲ್ಲಿ ಮುಂದೆ ಇರುವುದು ಪರಿಚಿತ ಮುಖ, ತಪ್ಪಾಗಿ ಕತ್ತರಿಸಿದರೆ ಬೇಸರಪಡುವ ಜೀವ. ‘ನನಗೆ ಶಾಲೆಗೆ ಹೋಗಲು ಇಷ್ಟವಿರಲಿಲ್ಲ ಎಂದು ಮನೆಯವರು ಹೇಳುತ್ತಿದ್ದರು’ ಎಂಬ ಮಾತಿನ ಕೊನೆಯ ಮೂರು ಪದಗಳನ್ನು ಕತ್ತರಿಸಿದರೆ ಅರ್ಥ ಏನಾಗುತ್ತದೆಂಬುದನ್ನು ಒಮ್ಮೆ ಮಾಡಿ ತೋರಿಸಿದರೆ, ಸುದ್ದಿವಾಹಿನಿಗಳಲ್ಲಿ ಕೇಳುವ ತುಣುಕು ಮಾತುಗಳನ್ನು ಮಕ್ಕಳು ಬೇರೆ ಕಿವಿಯಿಂದ ಕೇಳತೊಡಗುತ್ತಾರೆ. ಮುಗಿಸಿದ ಸಂದರ್ಶನವನ್ನು ಮಾತನಾಡಿದವರಿಗೆ ಮೊದಲು ಕೇಳಿಸಿ ಒಪ್ಪಿಗೆ ಪಡೆದ ಮೇಲೆಯೇ ತರಗತಿಯಲ್ಲಿ ಹಾಕಬೇಕೆಂಬುದು ನಮ್ಮಲ್ಲಿ ತಪ್ಪದ ಕ್ರಮ. ಹಾಡಿನ ಪದಗಳನ್ನು ಬರೆದುಕೊಳ್ಳುವಾಗ ಟೆಂಪೋ ಬದಲಿಸುವ ಸೌಲಭ್ಯ ಬಹಳ ಸಹಾಯಕ. ದನಿಯ ಶ್ರುತಿ ಕೆಡದಂತೆ ವೇಗವನ್ನಷ್ಟೇ ತಗ್ಗಿಸಿಕೊಂಡು ಕೇಳಿದರೆ ಅಸ್ಪಷ್ಟವಾಗಿದ್ದ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ.

ಗದ್ದಲ ತಗ್ಗಿಸುವ ಸೌಲಭ್ಯದ ಬಗ್ಗೆ ಅತಿಯಾದ ನಂಬಿಕೆ ಬೇಡ. ಮಾತಿಲ್ಲದ ಒಂದೆರಡು ಸೆಕೆಂಡಿನ ಭಾಗವನ್ನು ಗುರುತಿಸಿ ಗದ್ದಲದ ಮಾದರಿಯನ್ನು ತೋರಿಸಬೇಕು, ಬಳಿಕ ಇಡೀ ಮುದ್ರಣಕ್ಕೆ ಅದನ್ನು ಅನ್ವಯಿಸಬೇಕು. ಹೀಗೆ ಎರಡು ಹಂತದಲ್ಲಿ ನಡೆಯುವ ಈ ಕ್ರಿಯೆ ಫ್ಯಾನಿನ ಗುಂಯ್‌ಗುಡುವಿಕೆಯಂತಹ ಒಂದೇ ಸಮನಾದ ಸದ್ದಿಗೆ ಒಳ್ಳೆಯ ಪರಿಹಾರ. ಹೊರಗೆ ಹಾದುಹೋಗುವ ಟ್ರ್ಯಾಕ್ಟರು, ಪಕ್ಕದ ತರಗತಿಯ ಮಗ್ಗಿ, ಶಾಲೆಯ ಗಂಟೆ ಇವು ಮಾದರಿಗೆ ಸಿಗುವುದಿಲ್ಲವಾದ್ದರಿಂದ ಹಾಗೆಯೇ ಉಳಿಯುತ್ತವೆ. ಹೆಚ್ಚು ತಗ್ಗಿಸಲು ಹೋದರೆ ದನಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಅದಕ್ಕಿಂತ ಮುಖ್ಯವಾಗಿ ‘ಸ’, ‘ಶ’, ‘ಹ’ ಮತ್ತು ಮಹಾಪ್ರಾಣಗಳ ಉಸಿರೂ ಗದ್ದಲದ ಗುಣವನ್ನೇ ಹೊಂದಿರುವುದರಿಂದ ತಂತ್ರಾಂಶ ಅವನ್ನೂ ಸವೆಸಿಬಿಡುತ್ತದೆ. ಉಚ್ಚಾರದ ಅಭ್ಯಾಸಕ್ಕೆಂದು ಮಾಡಿದ ಮುದ್ರಣಕ್ಕೆ ಈ ಸೌಲಭ್ಯವನ್ನು ನಾನು ಮುಟ್ಟಗೊಡುವುದಿಲ್ಲ, ಉಳಿದವುಗಳಿಗೆ 12 ಡೆಸಿಬೆಲ್‌ಗಿಂತ ಹೆಚ್ಚು ಬಳಸಗೊಡುವುದಿಲ್ಲ. ಪರಿಣಾಮಗಳ ಮೆನುವಿನಲ್ಲಿರುವ ಇತರ ಹತ್ತಾರು ಸೌಲಭ್ಯಗಳಲ್ಲಿ ಧ್ವನಿಮಟ್ಟವನ್ನು ಸಮಗೊಳಿಸುವುದು, ದೀರ್ಘ ಮೌನವನ್ನು ಮೊಟಕುಗೊಳಿಸುವುದು, ಆರಂಭ ಮತ್ತು ಅಂತ್ಯಗಳನ್ನು ಮೆಲ್ಲಗೆ ಏರಿಸಿ ಇಳಿಸುವುದು ಇವಿಷ್ಟು ಶಾಲೆಗೆ ಸಾಕು.

ಕೊರತೆಗಳಲ್ಲಿ ದೊಡ್ಡದು ಆಡಾಸಿಟಿಗೆ ಮೊಬೈಲ್ ರೂಪ ಇಲ್ಲದಿರುವುದು. ಮನೆಯಲ್ಲಿ ಮಕ್ಕಳಿಗೆ ಸಿಗುವುದು ಮೊಬೈಲೇ ಆದ್ದರಿಂದ ತಿದ್ದುವ ಕೆಲಸವೆಲ್ಲ ಶಾಲೆಯ ಕಂಪ್ಯೂಟರಿನ ಮುಂದೆಯೇ ನಡೆಯಬೇಕು. ಮೊಬೈಲಿನಲ್ಲಿ ಮುದ್ರಿಸಿದ ಕಡತ ಬಹಳ ಸಲ ಎಂ4ಎ ರೂಪದಲ್ಲಿರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಅದನ್ನು ಆಡಾಸಿಟಿ ತೆರೆಯಬೇಕಾದರೆ ಎಫ್‌ಎಫ್‌ಎಂಪೆಗ್ ಎಂಬ ಪೂರಕ ತಂತ್ರಾಂಶವನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಈ ವಿಷಯ ತಿಳಿಯದೆ ಕೈಬಿಟ್ಟ ಶಿಕ್ಷಕರಿದ್ದಾರೆ. ಮೊಬೈಲಿನ ಮುದ್ರಣ ಅಪ್ಲಿಕೇಶನ್ನಿನಲ್ಲಿ ವೇವ್ ರೂಪವನ್ನು ಆರಿಸಿಕೊಳ್ಳಲು ಸಾಧ್ಯವಿದ್ದರೆ ಆ ತೊಂದರೆಯೇ ಇಲ್ಲ. ಇನ್ನೊಂದು ಕೊರತೆ, ಆವೃತ್ತಿಯಿಂದ ಆವೃತ್ತಿಗೆ ಮೆನುಗಳು ಜಾಗ ಬದಲಿಸುವುದು. 3.1ರಲ್ಲಿ ತುಣುಕುಗಳ ಅಂಚನ್ನು ಎಳೆದು ಕುಗ್ಗಿಸಿ, ಬೇಕಾದಾಗ ಮತ್ತೆ ಹಿಗ್ಗಿಸುವ ಕ್ರಮ ಬಂತು. 3.2ರಲ್ಲಿ ಪರಿಣಾಮಗಳನ್ನು ಕೇಳುತ್ತಿರುವಾಗಲೇ ಬದಲಿಸಿ ನೋಡುವ ಕ್ರಮ ಬಂತು. ಎರಡೂ ಸ್ವಾಗತಾರ್ಹ ಸುಧಾರಣೆಗಳೇ, ಆದರೆ ಮಕ್ಕಳಿಗೆಂದು ನಾವು ಕನ್ನಡದಲ್ಲಿ ಬರೆದು ಅಂಟಿಸಿದ ಸೂಚನೆಯ ಹಾಳೆಗಳು ಪ್ರತಿ ಸಲವೂ ಹಳತಾಗುತ್ತವೆ.

ನಲವತ್ತು ಮಕ್ಕಳಿಗೆ ನಾಲ್ಕೈದು ಕಂಪ್ಯೂಟರುಗಳಿದ್ದರೆ ಹೇಗೆ ಎಂಬ ಪ್ರಶ್ನೆ ಸಹಜ. ಗುಂಪಿನಲ್ಲಿ ಓದುವವರು, ತಿದ್ದುವವರು, ಕಣ್ಣುಮುಚ್ಚಿ ಕೇಳಿ ದೋಷ ಹೇಳುವವರು ಎಂದು ಕೆಲಸ ಹಂಚಿ, ಪ್ರತಿ ಸಲವೂ ಪಾತ್ರ ಬದಲಿಸಿದರೆ ಯಾರೂ ಸುಮ್ಮನೆ ಕೂರುವುದಿಲ್ಲ. ಒಂದೇ ಕಂಪ್ಯೂಟರ್ ಇದ್ದರೂ ಪ್ರೊಜೆಕ್ಟರಿಗೆ ಜೋಡಿಸಿ ಇಡೀ ತರಗತಿ ಸೇರಿ ಒಂದು ನಿಮಿಷದ ಮುದ್ರಣವನ್ನು ತಿದ್ದಬಹುದು, ಎಲ್ಲಿ ಕತ್ತರಿಸಬೇಕೆಂದು ನಡೆಯುವ ವಾದವೇ ಅಂದಿನ ಪಾಠ. ತನ್ನ ದನಿಯನ್ನು ಮೊದಲ ಸಲ ಕೇಳಿದ ಮಗು ಇದು ನನ್ನದಲ್ಲವೆಂದು ನಾಚುತ್ತದೆ. ಮಾತನಾಡುವಾಗ ನಮ್ಮ ದನಿ ತಲೆಯ ಎಲುಬುಗಳ ಮೂಲಕವೂ ಕಿವಿಗೆ ಬರುವುದರಿಂದ ನಮಗೆ ಅದು ಗಡಸಾಗಿ ಕೇಳುತ್ತದೆ, ಮುದ್ರಣದಲ್ಲಿ ಆ ಭಾಗ ಇರುವುದಿಲ್ಲ ಎಂದು ವಿಜ್ಞಾನದ ಶಿಕ್ಷಕರಿಂದ ವಿವರಣೆ ಕೊಡಿಸಿದರೆ ನಾಚಿಕೆ ಬೇಗ ಹೋಗುತ್ತದೆ. ದೃಷ್ಟಿದೋಷವಿರುವ ಮಕ್ಕಳ ವಿಷಯದಲ್ಲಿ ಆಡಾಸಿಟಿ ಹೆಚ್ಚಿನ ಮೆಚ್ಚುಗೆಗೆ ಅರ್ಹ. ಬಹುತೇಕ ಎಲ್ಲ ಕೆಲಸವನ್ನೂ ಕೀಲಿಮಣೆಯಿಂದಲೇ ಮಾಡಬಹುದು, ಎನ್‌ವಿಡಿಎ ಎಂಬ ಉಚಿತ ಪರದೆಓದುಗದೊಂದಿಗೆ ಅದು ಹೊಂದಿಕೊಂಡು ನಡೆಯುತ್ತದೆ. ಕಿವಿಯೇ ಪ್ರಧಾನವಾದ ಈ ಕೆಲಸದಲ್ಲಿ ಅಂತಹ ಮಗು ಇತರರಿಗೆ ದಾರಿ ತೋರಿಸುವ ಸ್ಥಾನದಲ್ಲಿ ನಿಲ್ಲುತ್ತದೆ.

ಮಕ್ಕಳಿಗಾಗಿ ಧ್ವನಿಯನ್ನು ಬಳಸುವುದು ಕರ್ನಾಟಕದಲ್ಲಿ ಹೊಸ ಮಾತೇನಲ್ಲ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಆರಂಭಿಸಿದ ನಾಡು ಇದು. ‘ಚಿಣ್ಣರ ಚುಕ್ಕಿ’, ‘ಕೇಳಿ ಕಲಿ’ ಕಾರ್ಯಕ್ರಮಗಳು ಆಕಾಶವಾಣಿಯ ಮೂಲಕ ಸಾವಿರಾರು ಶಾಲೆಗಳನ್ನು ಮುಟ್ಟಿವೆ. ಅವುಗಳಲ್ಲಿ ಮಕ್ಕಳು ಕೇಳುಗರು, ಇಲ್ಲಿ ಅವರೇ ನಿರ್ಮಾಪಕರು. ಅದರಿಂದಲೇ ಪ್ರಸಾರದ ಜವಾಬ್ದಾರಿಯೂ ನಮ್ಮ ಮೇಲೆ ಬೀಳುತ್ತದೆ. ಮಗುವಿನ ದನಿ ಅದರ ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ ಪೋಷಕರ ಒಪ್ಪಿಗೆಯನ್ನು ಬಯಸುತ್ತದೆ. ಕಾಯ್ದೆ ಇಲ್ಲದಿದ್ದರೂ ಕೇಳುವುದು ನಮ್ಮ ಕರ್ತವ್ಯ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಒಂದು ಕಂತನ್ನು ಕೇಳಿಸಿ, ಏನು ಮಾಡುತ್ತಿದ್ದೇವೆಂದು ವಿವರಿಸಿ, ಲಿಖಿತ ಒಪ್ಪಿಗೆ ಪಡೆಯುವುದು ಉತ್ತಮ. ಮಗುವಿನ ಪೂರ್ಣ ಹೆಸರು, ಮನೆಯ ವಿಳಾಸ, ಪೋಷಕರ ವಿವರ ಯಾವ ಕಂತಿನಲ್ಲೂ ಬರಕೂಡದು.

ಎಲ್ಲರಿಗೂ ತೆರೆದ ಪಾಡ್‌ಕಾಸ್ಟ್ ವೇದಿಕೆಗಳಲ್ಲಿ ಹಾಕುವ ಆತುರವೂ ಬೇಡವೆಂದೇ ನನ್ನ ನಿಲುವು. ಆಂಕರ್ ಎಂಬ ವೇದಿಕೆಯನ್ನು 2019ರಲ್ಲಿ ಸ್ಪಾಟಿಫೈ ಕೊಂಡು ಬಳಿಕ ಹೆಸರನ್ನೇ ಬದಲಿಸಿತು, ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿತು. ಕಂಪನಿಗಳ ತೀರ್ಮಾನದಂತೆ ಬದಲಾಗುವ ಜಾಗದಲ್ಲಿ ಮಕ್ಕಳ ಕೆಲಸದ ಏಕೈಕ ಪ್ರತಿಯನ್ನು ಇಡುವುದು ಸರಿಯಲ್ಲ. ಒಂದು ನಿಮಿಷದ ಒಂಟಿ ಚಾನೆಲ್ಲಿನ ವೇವ್ ಕಡತ ಸುಮಾರು 5.3 ಎಂಬಿ, ಅದನ್ನೇ 64 ಕೆಬಿಪಿಎಸ್‌ನ ಎಂಪಿ3 ಮಾಡಿದರೆ ಅರ್ಧ ಎಂಬಿಗಿಂತ ಕಡಿಮೆ. ಮೂಲದ ವೇವ್ ಕಡತವನ್ನು ಶಾಲೆಯ ಡಿಸ್ಕಿನಲ್ಲಿ ಜೋಪಾನವಾಗಿಟ್ಟು, ಎಂಪಿ3 ಪ್ರತಿಯನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿದರೆ ಹತ್ತು ನಿಮಿಷದ ಕಂತೂ 5 ಎಂಬಿಯೊಳಗೆ ಮುಗಿಯುತ್ತದೆ. ಹೊಲದಿಂದ ಮರಳಿದ ತಾಯಿ ಮಗಳ ಓದನ್ನು ಆ ರಾತ್ರಿಯೇ ಕೇಳಬಹುದು. ವರ್ಷದ ರೂಪಣಾತ್ಮಕ ಮೌಲ್ಯಮಾಪನಗಳಿಗೆ ಈ ಕಡತಗಳೇ ಚಟುವಟಿಕೆಯ ದಾಖಲೆಯಾಗುತ್ತವೆ. ಜೂನ್‌ನಲ್ಲಿ ಓದಿದ್ದನ್ನೂ ಫೆಬ್ರವರಿಯಲ್ಲಿ ಓದಿದ್ದನ್ನೂ ಒಂದರ ಬಳಿಕ ಒಂದು ಕೇಳಿಸಿದಾಗ ಆದ ಪ್ರಗತಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ, ಬರವಣಿಗೆಯಲ್ಲಿ ಹಿಂದುಳಿದ ಕೆಲವು ಮಕ್ಕಳು ಮಾತಿನಲ್ಲಿ ಎಷ್ಟು ಮುಂದಿದ್ದಾರೆಂಬುದೂ ಆಗ ಅಂಕಪಟ್ಟಿಗೆ ಬರುತ್ತದೆ.

ಇದೇ ಕೆಲಸಕ್ಕೆ ಬೇರೆ ತಂತ್ರಾಂಶಗಳೂ ಇವೆ. ಗ್ಯಾರೇಜ್‌ಬ್ಯಾಂಡ್ ಸೊಗಸಾಗಿದೆ, ಆದರೆ ಆಪಲ್ ಸಾಧನಗಳಲ್ಲಿ ಮಾತ್ರ ನಡೆಯುತ್ತದೆ. ಬ್ಯಾಂಡ್‌ಲ್ಯಾಬ್ ಬ್ರೌಸರಿನಲ್ಲೂ ಮೊಬೈಲಿನಲ್ಲೂ ತೆರೆದುಕೊಳ್ಳುತ್ತದೆ, ಅದಕ್ಕೆ ಖಾತೆಯೂ ಅಂತರ್ಜಾಲವೂ ಬೇಕು. ಸಂಪರ್ಕ ಆಗಾಗ ಕೈಕೊಡುವ, ಹಳೆಯ ಕಂಪ್ಯೂಟರುಗಳೇ ಇರುವ ಶಾಲೆಗೆ ಆಡಾಸಿಟಿಯನ್ನೇ ನಾನು ಸೂಚಿಸುತ್ತೇನೆ. ಆರಂಭಿಸುವವರು ಲ್ಯಾಬಿನ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆವೃತ್ತಿಯನ್ನು ಹಾಕಿಸಲಿ. ಹಳೆಯ ಯಂತ್ರಗಳಿಗೆ ಹೊಸ ಆವೃತ್ತಿ ಭಾರವೆನಿಸಿದರೆ ಹಿಂದಿನವು ಇಂದಿಗೂ ಉಚಿತವಾಗಿ ದೊರೆಯುತ್ತವೆ, ಆದರೆ ಯೋಜನೆಯ ಕಡತ ಒಂದಾಗಿರುವ 3ನೆಯ ಸರಣಿಗಿಂತ ಹಿಂದಕ್ಕೆ ಹೋಗದಿರುವುದು ಒಳ್ಳೆಯದು. ಹೊಸ ಆವೃತ್ತಿಗೆ ಬದಲಾಯಿಸುವುದಿದ್ದರೆ ಶೈಕ್ಷಣಿಕ ವರ್ಷದ ನಡುವೆ ಬೇಡ, ಬೇಸಿಗೆ ರಜೆಯಲ್ಲಿ ಬದಲಾಯಿಸಿ, ಸೂಚನೆಯ ಹಾಳೆಗಳನ್ನು ಹೊಸ ಮೆನುವಿಗೆ ತಕ್ಕಂತೆ ತಿದ್ದಿ, ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಗೋಡೆಗೆ ಅಂಟಿಸಿಡಿ.